ಮೆಟ್ಟಿಲ ಕೆಳಗಿನ ಹಲಗೆ

ಮೊಣಕಾಲು ನೋವು ಶುರುವಾದ ಮೇಲೆ ಸಿಟಿ ಬಸ್ಸಿನ ಮೆಟ್ಟಿಲು ನನಗೆ ಬೆಟ್ಟವಾಯಿತು. ಮೆಟ್ರೋ ನಿಲ್ದಾಣಕ್ಕಾದರೆ ಲಿಫ್ಟ್ ಇದೆ. ಯಾರ ಹಂಗೂ ಇಲ್ಲದೆ ಶಾಲೆಗೆ ಹೋಗಿಬರಬೇಕಾದರೆ ಅದರ ಹತ್ತಿರವೇ ಮನೆಯಾಗಬೇಕು. ಬೆಂಗಳೂರಿನ ಹಸಿರು ಮಾರ್ಗದಲ್ಲಿ 2017ರಲ್ಲಿ ನಾಗಸಂದ್ರದಿಂದ ಯಲಚೇನಹಳ್ಳಿಯವರೆಗೆ ರೈಲು ಓಡತೊಡಗಿದ್ದೇ ತಡ, ಜಯನಗರ, ಬನಶಂಕರಿಗಳ ಬಾಡಿಗೆಯೂ ರೈಲು ಹತ್ತಿತ್ತು!

ಮೊದಲು ನೋಡಿದ ಕಟ್ಟಡದ ಬಾಗಿಲಲ್ಲಿ ಕನ್ನಡಿಯಂಥ ಗ್ರಾನೈಟು. ಲಿಫ್ಟ್ ಕೆಟ್ಟು ಮಾತ್ರ ಮೂರು ತಿಂಗಳು. ಎರಡನೆಯದರಲ್ಲಿ ನೀರಿನ ಸಮಾಚಾರ ಕೇಳಿದರೆ ಎಲ್ಲರೂ ಆಕಾಶ ನೋಡಿದರು. ಮೂರನೆಯದು ಬನಶಂಕರಿ ನಿಲ್ದಾಣದಿಂದ ಏಳೇ ನಿಮಿಷ, ಬಣ್ಣ ಮಾಸಿದ ಹಳೇ ಕಟ್ಟಡ. ಆದರೆ ಮೆಟ್ಟಿಲ ಕೆಳಗೊಂದು ಹಲಗೆ. ಸಂಪು ತೊಳೆಸಿದ ತಾರೀಖು, ಲಿಫ್ಟಿನ ರಿಪೇರಿ ಖರ್ಚು, ಮೇಂಟೆನೆನ್ಸ್ ಬಾಕಿ ಉಳಿಸಿಕೊಂಡವರ ಮನೆ ನಂಬರು, ಎಲ್ಲವೂ ಅದರಲ್ಲಿ. ಹಾಜರಿ ಪುಸ್ತಕ ನೋಡಿ ತರಗತಿಯ ಗುಣ ಹೇಳುವವಳು ನಾನು; ಅಲ್ಲೇ ಒಪ್ಪಿಬಿಟ್ಟೆ.

ಕಳೆದ ತಿಂಗಳು ಆ ಹಲಗೆಯಲ್ಲಿ ನಮ್ಮ ನಂಬರೇ ಕಾಣಿಸಿತು. ನಾಚಿಕೆಯಿಂದ ಅಂದೇ ಹಣ ಕಟ್ಟಿದೆ. ಅದೇ ಸಂಜೆ ಜೋರು ಮಳೆ. ಮಗ ಫೋನ್ ಮಾಡಿ, "ಕಾರು ತರಲೇನಮ್ಮಾ?" ಎಂದ. "ನಾನಾಗಲೇ ಮನೆಯಲ್ಲಿದ್ದೇನಪ್ಪಾ" ಎಂದೆ. ಆ ಒಂದು ಮಾತಿನ ಸುಖಕ್ಕೆ ತಿಂಗಳ ಹಣ ಏನೇನೂ ಹೆಚ್ಚಲ್ಲ.