ದೇವರು ಎಂಥವನು?

ದುಃಖದಲ್ಲಿದ್ದವರಿಗೆ ಸಮಾಧಾನ ಹೇಳುವುದು ಸುಲಭವಾದ ಕೆಲಸವಲ್ಲ. ನಮ್ಮ ಕಡೆ ಸಾವಾದ ಮನೆಗೆ ಬಂದವರಲ್ಲಿ ಅನೇಕರು ಏನೂ ಮಾತಾಡದೆ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕುಳಿತು ಎದ್ದು ಹೋಗುತ್ತಾರೆ. ಅದೇ ಮೇಲೆಂದು ನನಗೆ ಎಷ್ಟೋ ಸಲ ಅನಿಸಿದೆ. ಮಾತಾಡುವವರಲ್ಲಿ ಕೆಲವರು ಹಣೆಬರಹ ಎನ್ನುತ್ತಾರೆ; ಕೆಲವರು, ಕಾಲವೇ ಮರೆಸುತ್ತದೆ ಎನ್ನುತ್ತಾರೆ; ಇನ್ನು ಕೆಲವರು, "ಒಳ್ಳೇವರು ದೇವರಿಗೂ ಬೇಕಾಗಿರತಾರ" ಎನ್ನುತ್ತಾರೆ. ಮೊದಲಿನ ಎರಡು ಮಾತುಗಳಲ್ಲಿ ದೇವರ ಪ್ರಸ್ತಾಪವೇ ಇಲ್ಲ. ಮೂರನೆಯದರಲ್ಲಿ ಇದೆ. ಆದರೆ ಅಲ್ಲಿ ಬರುವ ದೇವರು ಎಂಥವನು? ಮೂವರು ಮಕ್ಕಳ ತಾಯಿಯನ್ನು ತನಗೆ ಬೇಕೆಂದು ಎತ್ತಿಕೊಂಡು ಹೋಗುವವನು, ಬಡವನ ಒಂದೇ ಆಕಳ ಮೇಲೆ ಕಣ್ಣಿಟ್ಟ ಸಾಹುಕಾರನಿಗಿಂತ ಯಾವ ರೀತಿಯಲ್ಲಿ ಬೇರೆ? ಸಮಾಧಾನ ಹೇಳಲು ಬಂದವರು ಈ ಪ್ರಶ್ನೆಯನ್ನು ವಿಚಾರಿಸಿರುವುದಿಲ್ಲ. ದುಃಖದಲ್ಲಿದ್ದವರು ವಿಚಾರಿಸುತ್ತಾರೆ; ನಿದ್ದೆ ಬಾರದ ರಾತ್ರಿಗಳಲ್ಲಿ ಅವರಿಗೆ ಬೇರೆ ಕೆಲಸವಾದರೂ ಏನಿರುತ್ತದೆ?

ನಮ್ಮ ಊರು ಸತ್ತಿ, ಅಥಣಿ ತಾಲೂಕಿನಲ್ಲಿ ಕೃಷ್ಣೆಯ ದಂಡೆಯ ಊರು. ನಮ್ಮದು ಕ್ರಿಸ್ತನನ್ನು ನಂಬಿದ ಮನೆ. ನಮ್ಮ ಓಣಿಯಲ್ಲಿ ಅದೊಂದೇ. ಅಜ್ಜ ತಾರುಣ್ಯದಲ್ಲಿ ಮಿರಜದ ಮಿಶನ್ ದವಾಖಾನೆಯಲ್ಲಿ ಕೆಲಸಕ್ಕಿದ್ದು, ಅಲ್ಲಿಯೇ ದೀಕ್ಷಾಸ್ನಾನ ಹೊಂದಿ ಊರಿಗೆ ಮರಳಿದವರು. ಡಾಕ್ಟರ್ ವಿಲಿಯಂ ವಾನ್‌ಲೆಸ್ ಅವರು 1894ರಲ್ಲಿ ತೆರೆದ ಆ ದವಾಖಾನೆಯ ಹೆಸರನ್ನು ಕೇಳದ ಹಿರಿಯರು ನಮ್ಮ ಗಡಿಭಾಗದಲ್ಲಿ ವಿರಳ. ಅಥಣಿ ಸೀಮೆಯವರಿಗೆ ದೊಡ್ಡ ಬೇನೆ ಬಂದರೆ ಬೆಳಗಾವಿಗಿಂತ ಮಿರಜವೇ ಹತ್ತಿರ. (ಕಿಟ್ಟೆಲ್ಲರ ಕನ್ನಡ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದೂ ಅದೇ 1894ರಲ್ಲಿ. ಇದು ಕೇವಲ ಕಾಕತಾಳೀಯ. ಆದರೂ ನೆನೆದರೆ ಸಂತೋಷವಾಗುತ್ತದೆ.)

2022ರಲ್ಲಿ ಅವ್ವನನ್ನು ಮಿರಜಕ್ಕೆ ಕರೆದೊಯ್ದೆವು. ನಾಲ್ವತ್ತು ದಿನ ನಾನು ಅವಳ ಮಂಚದ ಬಳಿ ಇದ್ದೆ. ಸಂಜೆ ಸತ್ಯವೇದವನ್ನು ಓದಿ ಹೇಳುವುದು ನನ್ನ ಪಾಲಿನ ಕೆಲಸ. ನಾನು ಸಹಜವಾಗಿ ಯೇಸುಸ್ವಾಮಿ ರೋಗಿಗಳನ್ನು ಗುಣಪಡಿಸಿದ ಭಾಗಗಳನ್ನು ಹುಡುಕಿ ಓದುತ್ತಿದ್ದೆ. ಮೂರನೆಯ ದಿನವೋ ನಾಲ್ಕನೆಯ ದಿನವೋ ಅವ್ವ ನನ್ನನ್ನು ತಡೆದು, "ಅದು ಇರಲಿ ಯವ್ವಾ. ದೇವರು ಹೆಂಥಾಂವ ಅನ್ನೂದು ಓದು. ಏನು ಕೊಡತಾನ ಅನ್ನೂದು ಆಮ್ಯಾಲ ನೋಡೂಣು" ಎಂದಳು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ಹೆಂಗಸು ಅವಳು. ಆದರೆ ದೇವಶಾಸ್ತ್ರದ ದೊಡ್ಡ ದೊಡ್ಡ ಗ್ರಂಥಗಳು ಹೇಳಹೊರಟದ್ದನ್ನು ಇದಕ್ಕಿಂತ ಚಿಕ್ಕದಾಗಿ ಹೇಳುವುದು ಸಾಧ್ಯವೆಂದು ನನಗೆ ತೋರುವುದಿಲ್ಲ.

ಆ ದಿನಗಳಲ್ಲಿ ನಾವು ಮತ್ತೆ ಮತ್ತೆ ಓದಿದ್ದು ವಿಮೋಚನಕಾಂಡದ ಮೂವತ್ತಮೂರು, ಮೂವತ್ತನಾಲ್ಕನೆಯ ಅಧ್ಯಾಯಗಳನ್ನು. ಸಂದರ್ಭ ಹೀಗಿದೆ. ಇಸ್ರಾಯೇಲರು ಸೀನಾಯಿ ಬೆಟ್ಟದ ಬುಡದಲ್ಲಿ ಬಂಗಾರದ ಬಸವನನ್ನು ಮಾಡಿ ಪೂಜಿಸಿದ್ದಾರೆ; ಕಲ್ಲಿನ ಹಲಗೆಗಳು ಒಡೆದಿವೆ; ಎಲ್ಲವೂ ಕೆಟ್ಟಿದೆ. ಆಗ ಮೋಶೆ ಒಂದು ದೊಡ್ಡ ಬೇಡಿಕೆಯನ್ನು ಮುಂದಿಡುತ್ತಾನೆ: ನಿನ್ನ ಮಹಿಮೆಯನ್ನು ನನಗೆ ತೋರಿಸು. ಮುಖವನ್ನು ನೋಡಿ ಬದುಕುವುದು ಮನುಷ್ಯನಿಗೆ ಆಗದ ಮಾತೆಂದು ದೇವರು ಅವನನ್ನು ಬಂಡೆಯ ಸಂದಿನಲ್ಲಿ ನಿಲ್ಲಿಸಿ, ಕೈಯಿಂದ ಮುಚ್ಚುತ್ತಾನೆ. ಹಾಗಾದರೆ ಮೋಶೆಗೆ ದೊರೆತದ್ದೇನು? ರೂಪವಲ್ಲ, ತೇಜಸ್ಸಿನ ವರ್ಣನೆಯೂ ಅಲ್ಲ. ಅವನಿಗೆ ಕೇಳಿಸಿದ್ದು ಕೆಲವು ಗುಣಗಳ ಹೆಸರು: ಕನಿಕರ, ದಯೆ, ದೀರ್ಘಶಾಂತಿ, ನಂಬಿಗಸ್ತಿಕೆ. ನನ್ನ ಮುಖ ಹೇಗಿದೆ ಎಂದು ಕೇಳಬೇಡ, ನನ್ನ ಗುಣ ಹೇಗಿದೆ ಎಂದು ಕೇಳಿಕೋ ಎಂದಂತಾಯಿತು. ಇಸ್ರಾಯೇಲರು ಈ ಗುಣಮಾಲೆಯನ್ನು ಮರೆಯಲಿಲ್ಲ. ಅರಣ್ಯಕಾಂಡದಲ್ಲಿ, ನೆಹೆಮೀಯನಲ್ಲಿ, ಯೋವೇಲನಲ್ಲಿ, ನೂರಮೂರನೆಯ ಕೀರ್ತನೆಯಲ್ಲಿ ಅದು ಮತ್ತೆ ಮತ್ತೆ ಬರುತ್ತದೆ. ಕಷ್ಟ ಬಂದಾಗಲೆಲ್ಲ ಅದನ್ನು ಪೆಟ್ಟಿಗೆಯಿಂದ ತೆಗೆದು ನೋಡಿ ಮತ್ತೆ ಜೋಪಾನವಾಗಿ ಇಟ್ಟ ಹಾಗೆ ಕಾಣುತ್ತದೆ.

ದೀರ್ಘಶಾಂತಿ ಎಂಬ ಮಾತು ಅವ್ವನಿಗೆ ಚೆನ್ನಾಗಿ ಹಿಡಿಸಿರಲಿಲ್ಲ; ಅದು ಪುಸ್ತಕದ ಮಾತು. ಒಂದು ದಿನ ನೋಡಲು ಬಂದ ನಮ್ಮ ಪಾದ್ರಿಗಳು ಅದರ ಮೂಲವನ್ನು ಹೇಳಿದರು. ಹೀಬ್ರೂ ಭಾಷೆಯಲ್ಲಿ ಅದಕ್ಕಿರುವ ಮಾತಿನ ಅಕ್ಷರಾರ್ಥ 'ಉದ್ದ ಮೂಗಿನವನು' ಎಂದಂತೆ! ಆ ಭಾಷೆಯಲ್ಲಿ ಮೂಗಿಗೂ ಸಿಟ್ಟಿಗೂ ಒಂದೇ ಶಬ್ದ. ಸಿಟ್ಟು ಬಂದರೆ ಮೂಗು ಕಾಯುತ್ತದೆ. ನಮ್ಮಲ್ಲಿಯೂ ಮುಂಗೋಪಿಯನ್ನು ಮೂಗಿನ ತುದಿಯ ಮೇಲೆ ಸಿಟ್ಟಿರುವವನು ಎನ್ನುತ್ತೇವಷ್ಟೆ. ಮೂಗು ಅಷ್ಟು ಉದ್ದವಾದರೆ ಸಿಟ್ಟು ತುದಿಯನ್ನು ಮುಟ್ಟುವುದು ತಡ. ಅಂದು ರೊಟ್ಟಿಯ ಗಂಟು ತಂದು ಕುಳಿತಿದ್ದ ನೆರೆಮನೆಯ ಕಾಕು ಇದನ್ನು ಕೇಳಿ, "ಹಂಗಾದರ ನಮ್ಮ ಮಾವಗ ಮೂಗ ಇಲ್ಲ ಬಿಡ್ರಿ" ಎಂದಳು. ಮಿರಜಕ್ಕೆ ಬಂದ ಮೇಲೆ ಅವ್ವ ಬಾಯಿ ತುಂಬ ನಕ್ಕದ್ದು ಅಂದೇ. ಮರುದಿನದಿಂದ ನಮ್ಮ ಮನೆಯ ಪ್ರಾರ್ಥನೆಯಲ್ಲಿ ದೀರ್ಘಶಾಂತಿ ಹೋಗಿ ಉದ್ದ ಮೂಗು ಬಂದಿತು.

ಕನಿಕರದ ಮಾತೂ ಹೀಗೆಯೇ. ಹೀಬ್ರೂವಿನಲ್ಲಿ ಅದು ಗರ್ಭ ಎಂಬ ಶಬ್ದಕ್ಕೆ ನಂಟಾದ ಮಾತು. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ, ತಪ್ಪಿಹೋದ ಮಗನನ್ನು ದೂರದಿಂದ ಕಂಡ ತಂದೆಗೆ ಆದದ್ದನ್ನು ಹೇಳುವ ಮಾತು ಕರುಳಿನಿಂದ ಹುಟ್ಟಿದ್ದು. ಕನ್ನಡಿಗರಿಗೆ ಇದನ್ನು ವಿವರಿಸಿ ಹೇಳಬೇಕೆ? ಹೆಂಗರುಳು ಎಂಬ ಮಾತು ನಮ್ಮಲ್ಲಿ ಮೊದಲಿನಿಂದ ಇದೆ. ಬಳ್ಳಾರಿಯಲ್ಲಿದ್ದು ಬೈಬಲನ್ನು ಕನ್ನಡಿಸಿದ ಜಾನ್ ಹ್ಯಾಂಡ್ಸರು ಈ ನಾಡಿಗೆ ಹೊಸ ಕಥೆಗಳನ್ನು ತಂದರೆಂಬುದು ನಿಜ. ಆದರೆ ಆ ಕಥೆಗಳು ಇಳಿದುಕೊಳ್ಳಲು ಬೇಕಾದ ಕರುಳು ಈ ಭಾಷೆಯಲ್ಲಿ ಮೊದಲೇ ಇತ್ತು.

ಗುಣ ಗೊತ್ತಿರುವುದರಿಂದ ಆಗುವ ಉಪಕಾರವೇನೆಂದು ಯಾರಾದರೂ ಕೇಳಬಹುದು. ನಮ್ಮ ಹೊಳೆಯ ಮಾತನ್ನೇ ತೆಗೆದುಕೊಳ್ಳೋಣ. ಕೃಷ್ಣೆ ನಮಗೆ ತಾಯಿ. ಸತ್ತಿಯ ಕಬ್ಬು, ಗೋವಿನಜೋಳ ಎಲ್ಲ ಅವಳ ನೀರು. ಆದರೆ ಅವಳ ಸ್ವಭಾವವನ್ನು ನೆಚ್ಚಿ ಯಾರೂ ಮಲಗುವಂತಿಲ್ಲ. ಬೇಸಿಗೆಯಲ್ಲಿ ಬಂಡೆಗಳ ನಡುವೆ ಸಣ್ಣಗೆ ಹರಿಯುವವಳು, ಶ್ರಾವಣದಲ್ಲಿ ಮೇಲೆ ಮಹಾರಾಷ್ಟ್ರದಲ್ಲಿ ಮಳೆ ಹಿಡಿದು ಕೊಯ್ನಾ ಅಣೆಕಟ್ಟಿನಿಂದ ನೀರು ಬಿಟ್ಟರೆ ಗುರುತೇ ಸಿಗುವುದಿಲ್ಲ. 2005ರಲ್ಲಿ ಬಂದ ಮಹಾಪೂರವನ್ನು ಹಿರಿಯರಿಂದ ಕೇಳಿದ್ದೆ; 2019ರ ಆಗಸ್ಟಿನದನ್ನು ಕಣ್ಣಾರೆ ಕಂಡೆ; 2021ರ ಜುಲೈದಲ್ಲಿ ಮತ್ತೆ ಬಂದಿತು. 2019ರಲ್ಲಿ ನಾವು ದನಕರುಗಳೊಡನೆ ಗಂಜಿಕೇಂದ್ರಕ್ಕೆ ಹೋಗಿದ್ದಾಗ ಹಿರಿಯರು ರಾತ್ರಿಯೆಲ್ಲ ಎದ್ದೆದ್ದು ಹೋಗಿ, ನೀರಿನ ಅಂಚಿಗೆ ನೆಟ್ಟ ಕೋಲನ್ನು ಬ್ಯಾಟರಿ ಹಾಕಿ ನೋಡಿ ಬರುತ್ತಿದ್ದರು. ಸ್ವಭಾವವನ್ನು ನೆಚ್ಚಲಾಗದಲ್ಲಿ ಕೋಲು ನೆಟ್ಟು ಕಾಯಲೇಬೇಕು. ದೇವರ ವಿಷಯದಲ್ಲಿಯೂ ನಾವು ಹೆಚ್ಚಾಗಿ ಹೀಗೆಯೇ ಬದುಕುತ್ತೇವೆ. ಇವತ್ತು ಜ್ವರ ಇಳಿದರೆ ದೇವರು ಒಳ್ಳೆಯವನು, ನಾಳೆ ಏರಿದರೆ ಮುನಿದವನು. ಅವ್ವ ಆ ನಾಲ್ವತ್ತು ದಿನಗಳಲ್ಲಿ ಕೋಲು ನೆಡಲಿಲ್ಲ. ಡಾಕ್ಟರರ ಮುಖ ಕಪ್ಪಿಟ್ಟ ದಿನವೂ ಸಂಜೆಗೆ ಅದೇ ಅಧ್ಯಾಯವನ್ನು ಕೇಳಿದಳು, ಅದೇ ಸ್ವರದಲ್ಲಿ ಆಮೆನ್ ಎಂದಳು.

ಇಲ್ಲಿ ಒಂದು ಮಾತನ್ನು ಬಿಟ್ಟರೆ ಅಪ್ರಾಮಾಣಿಕವಾದೀತು. ಆ ಗುಣಮಾಲೆಯ ಕೊನೆಯಲ್ಲಿ, ಅಪರಾಧವನ್ನು ಸುಮ್ಮನೆ ಬಿಡದ ದೇವರು ಎಂಬ ಭಾಗವೂ ಇದೆ. ದಯೆಯ ಮಾತನ್ನು ಓದಿ ಇದನ್ನು ನುಂಗಿಬಿಡುವವರು ಅನೇಕರು. ನನಗಂತೂ ಇದೂ ಸಮಾಧಾನದ ಮಾತಾಗಿಯೇ ಕಾಣುತ್ತದೆ. ಕೂಲಿಯವನ ಪಗಾರವನ್ನು ನುಂಗಿದವನನ್ನೂ ವಿಧವೆಯ ಹೊಲವನ್ನು ಒತ್ತಿದವನನ್ನೂ ಕಂಡು ನಗುತ್ತ ಕುಳಿತ ದೇವರು ಕರುಣಾಳು ಹೇಗಾದಾನು? ಇನ್ನು ದಯೆಯ ಗುಣವೂ ಎಲ್ಲರಿಗೂ ಹಿತವಲ್ಲ. ಯೋನನ ಕಥೆಯಲ್ಲಿ ಆ ಪ್ರವಾದಿ ಮುನಿಸಿಕೊಂಡು ಊರ ಹೊರಗೆ ಕೂಡುವುದು, ದೇವರು ನಿನೆವೆ ಪಟ್ಟಣವನ್ನು ನಾಶ ಮಾಡದೆ ಬಿಟ್ಟನಲ್ಲಾ ಎಂಬ ಕಾರಣಕ್ಕೆ. ನೀನು ಇಂಥವನೆಂದು ನನಗೆ ಮೊದಲೇ ಗೊತ್ತಿತ್ತು ಎಂದು ಅವನು ದೇವರ ಗುಣಗಳನ್ನೇ ಎಣಿಸಿ ತಕರಾರು ಹೇಳುತ್ತಾನೆ! ಸತ್ಯವೇದದಲ್ಲಿ ಇಷ್ಟು ನಗೆ ಬರಿಸುವ ಸಿಟ್ಟು ಮತ್ತೊಂದಿಲ್ಲ.

ಹಾಗೆಂದು ಗುಣಗಳನ್ನು ನೆನೆದ ಕೂಡಲೆ ಕತ್ತಲೆ ಹರಿಯುತ್ತದೆಂದು ನಾನು ಹೇಳಲಾರೆ. ಎಂಬತ್ತೆಂಟನೆಯ ಕೀರ್ತನೆ ಕತ್ತಲೆಯಲ್ಲಿಯೇ ಮುಗಿಯುತ್ತದೆ. ಅದನ್ನು ಗ್ರಂಥದಿಂದ ಯಾರೂ ಕಿತ್ತು ಹಾಕಲಿಲ್ಲ. ಯೋಬನಿಗೆ ತನ್ನ ಮಕ್ಕಳು ಏಕೆ ಸತ್ತರೆಂಬುದು ಕೊನೆಯವರೆಗೂ ತಿಳಿಯಲಿಲ್ಲ. ಬಾಬೆಲಿನವರು ಕ್ರಿ. ಪೂ. 586ರ ಸುಮಾರಿಗೆ ಯೆರೂಸಲೇಮನ್ನು ಸುಟ್ಟ ಮೇಲೆ ಹುಟ್ಟಿದ ಪ್ರಲಾಪಗಳ ಗ್ರಂಥವನ್ನು ನೋಡಿರಿ. ಐದು ಅಧ್ಯಾಯಗಳು, ಮೊದಲ ನಾಲ್ಕು ಹೀಬ್ರೂ ವರ್ಣಮಾಲೆಯ ಇಪ್ಪತ್ತೆರಡು ಅಕ್ಷರಗಳ ಕ್ರಮದಲ್ಲಿ ಕಟ್ಟಿದವು, ಅಳುವಿಗೂ ಒಂದು ಅ ಆ ಇ ಈ ಇದ್ದ ಹಾಗೆ. ಸರಿಯಾಗಿ ನಡುವಿನ ಮೂರನೆಯ ಅಧ್ಯಾಯದಲ್ಲಿ ದೇವರ ಕನಿಕರ ದಿನದಿನವೂ ಹೊಸದಾಗುವುದೆಂಬ ನೆನಪು ಬರುತ್ತದೆ. ಬಂದು, ಗ್ರಂಥ ಅಲ್ಲಿಗೆ ಮುಗಿಯುವುದಿಲ್ಲ. ಮತ್ತೆ ಅಳು ಮುಂದುವರಿಯುತ್ತದೆ. ಅವ್ವ ಹೋದ ವರ್ಷ ನನಗೆ ಎಲ್ಲಕ್ಕಿಂತ ಆಪ್ತವಾದ ಗ್ರಂಥ ಇದು. ಸಮಾಧಾನವು ಅಳುವಿನ ನಡುವೆ ಬಂದು ಕೂಡಬಹುದು, ಅಳುವನ್ನು ನಿಲ್ಲಿಸಿಯೇ ಬರಬೇಕೆಂದಿಲ್ಲ ಎಂಬುದನ್ನು ನಾನು ಇದರಿಂದ ತಿಳಿದೆ.

ದೇವರು ಎಂಥವನೆಂಬುದನ್ನು ಒಬ್ಬ ಮನುಷ್ಯನ ಬಾಳಿನಲ್ಲಿ ನೋಡುವುದು ನಮ್ಮ ಸೀಮೆಗೆ ಹೊಸದಲ್ಲ. 1921ರಲ್ಲಿ ಲಿಂಗೈಕ್ಯರಾದ ಅಥಣಿಯ ಮುರುಘೇಂದ್ರ ಶಿವಯೋಗಿಗಳ ಮಾತು ಬಂದರೆ ನಮ್ಮ ಕಾಕು ಇಂದಿಗೂ ಸೆರಗು ಸರಿಪಡಿಸಿಕೊಳ್ಳುತ್ತಾಳೆ. ಕ್ರೈಸ್ತರಾದ ನಾವು ಮೋಶೆ ಕೇಳಿದ ಪ್ರಶ್ನೆಗೆ ಪೂರ್ಣವಾದ ಉತ್ತರವನ್ನು ಯೇಸುವಿನಲ್ಲಿ ಕಾಣುತ್ತೇವೆ. ಯೋಹಾನನ ಸುವಾರ್ತೆಯ ಹನ್ನೊಂದನೆಯ ಅಧ್ಯಾಯದಲ್ಲಿ ಲಾಜರನು ಸತ್ತು ನಾಲ್ಕು ದಿನಗಳಾದ ಮೇಲೆ ಯೇಸು ಬೇಥಾನ್ಯಕ್ಕೆ ಬರುತ್ತಾನೆ. ಮುಂದೆ ತಾನು ಮಾಡಲಿರುವುದು ಅವನಿಗೆ ಗೊತ್ತಿದೆ. ಇನ್ನು ಸ್ವಲ್ಪ ಹೊತ್ತಿನಲ್ಲಿ ಸತ್ತವನನ್ನು ಕರೆಯುವವನು, ಮರಿಯಳ ಕಣ್ಣೀರನ್ನು ಕಂಡು ತಾನೂ ಅಳುತ್ತಾನೆ. ಹಣೆಬರಹವೆಂದು ಅವನು ಹೇಳಲಿಲ್ಲ. ಒಳ್ಳೆಯವರು ದೇವರಿಗೂ ಬೇಕು ಎಂದೂ ಹೇಳಲಿಲ್ಲ.

ಈಗ ಮನೆಯಲ್ಲಿ ರಾತ್ರಿ ಓದುವುದು ತಂದೆಯವರ ಸಲುವಾಗಿ. ರಜೆಯಲ್ಲಿ ನಾನು ಊರಿಗೆ ಹೋದಾಗಲೆಲ್ಲ ಅವರು ಈ ಅಧ್ಯಾಯವನ್ನೇ ಓದಿಸುತ್ತಾರೆ. ಗವಿಯ ಬಾಯಿಗೆ ಇಟ್ಟ ಕಲ್ಲನ್ನು ತೆಗೆಯಿರಿ ಎನ್ನುವ ಭಾಗಕ್ಕೆ ಬರುವ ಮೊದಲೇ, "ಸಾಕು, ಇವತ್ತ ಇಲ್ಲಿಗೆ ನಿಲ್ಲಸು" ಎನ್ನುತ್ತಾರೆ. ಪುಸ್ತಕ ಮುಚ್ಚಿ, ದೀಪ ಸಣ್ಣದು ಮಾಡಿ, ನಾವಿಬ್ಬರೂ ಸ್ವಲ್ಪ ಹೊತ್ತು ಅಲ್ಲಿಯೇ ಕೂಡುತ್ತೇವೆ.