ಗೋಡೆಯೊಳಗಿನ ಒಲೆ

ನಮ್ಮ ಆಪಾರ ಅಡುಗೆ ಮನೆಯಲ್ಲಿ ಬೀರುವಿನಂತೆ ಗೋಡೆಯೊಳಗೆ ಹುದುಗಿಸಿಟ್ಟ ಒಲೆಯೊಂದಿದೆ. ಒಂದೇ ಮೈ, ಎರಡು ಗಾಜಿನ ಬಾಗಿಲು. ಮೇಲಿನದು ಮೈಕ್ರೋವೇವ್. ಕೆಳಗಿನದು ಕಾಯಿಲ್ ಕಾದು ಬೇಯಿಸುವ ಓವನ್. ಶ್ರೀರಂಗಪಟ್ಟಣದ ಗಂಜಾಂನ ಹಳೆಯ ಹೆಂಚಿನ ಮನೆಗೂ ಆ ಒಲೆಗೂ ಎತ್ತಣ ಸಂಬಂಧ ಎಂದು ಬಂದವರೆಲ್ಲ ಕೇಳುವುದುಂಟು. ದಮ್ಮಾಮಿನಲ್ಲಿ ದುಡಿಯುವ ಅವರ ಮಗ 2021ರಲ್ಲಿ ರಜೆಗೆ ಬಂದವನು, ಅಮ್ಮ ಬಗ್ಗಿ ಬಗ್ಗಿ ಒಲೆ ಊದಿದ್ದು ಸಾಕು ಎಂದು ಬಡಗಿಯನ್ನು ಕರೆಸಿ, ಎದೆಯ ಮಟ್ಟಕ್ಕೆ ಅದನ್ನು ಕೂರಿಸಿ ಹೋದ. ದುಲ್ಹಾಭಾಯಿ ತೀರಿಕೊಂಡು ಆಗ ಒಂದು ವರ್ಷವೂ ಆಗಿರಲಿಲ್ಲ. ಮಗ ಕಳಿಸುವ ಹಣಕ್ಕೆ ಕೈಯೊಡ್ಡಲು ಆಪಾರಿಗೆ ಮನಸ್ಸಿಲ್ಲ. ಆ ಒಲೆಯಲ್ಲೇ ನಾನ್‌ಖಟಾಯಿ, ದಮ್ ಕಾ ರೋಟ್ ಬೇಯಿಸಿ ಮಾರತೊಡಗಿದರು. ಹಾಗಾಗಿ ಆ ಒಲೆ ಕೆಟ್ಟರೆ ಕೆಡುವುದು ಒಲೆಯೊಂದೇ ಅಲ್ಲ.

ಇಲ್ಲಿ 'ನಾವು' ಎಂದರೆ ಒಬ್ಬರೇ. ಏಳನೇ ತರಗತಿಯವರೆಗೆ ಉರ್ದು ಶಾಲೆಯಲ್ಲಿ 'ಹಮ್' ಎಂದು ಕಲಿತ ನಾಲಿಗೆ, ಎಂಟನೇ ತರಗತಿಯ ಕನ್ನಡ ಮೇಷ್ಟ್ರು ಎಷ್ಟು ತಿದ್ದಿದರೂ 'ನಾನು' ಎಂಬಲ್ಲಿಗೆ ಇಳಿಯಲೇ ಇಲ್ಲ. ಓದುಗರು ದೊಡ್ಡಸ್ತಿಕೆ ಎಂದು ತಿಳಿಯಬಾರದು. ದೊಡ್ಡಸ್ತಿಕೆ ಎಷ್ಟಿತ್ತು, ಅದು ಹೇಗೆ ಇಳಿಯಿತು ಎಂಬುದೇ ಮುಂದಿನ ಕಥೆ.

ನಮ್ಮ ಅಮ್ಮಿಯ ಕಾಲದಲ್ಲಿ ರೋಟ್ ಬೇಯುತ್ತಿದ್ದುದು ಕೆಂಡದಲ್ಲಿ. ರವೆ, ತುಪ್ಪ, ಸಕ್ಕರೆ, ಬಾದಾಮಿ ಕಲಸಿ ತಟ್ಟೆಗೆ ಸುರಿದು, ಕೆಳಗೆ ಕೆಂಡ, ಮುಚ್ಚಳದ ಮೇಲೂ ಕೆಂಡ. ಹಬ್ಬದ ಹಿಂದಿನ ದಿನವಾದರೆ ತಟ್ಟೆಗಳನ್ನು ಬೇಕರಿಯ ಭಟ್ಟಿಗೆ ಹೊತ್ತುಕೊಂಡು ಹೋಗುವುದು ನಮ್ಮ ಕೆಲಸ. ಯಾರ ತಟ್ಟೆ ಯಾವುದು ಎಂದು ಗುರುತಿಗೆ ಅಂಚಿನಲ್ಲಿ ಮೊಳೆಯಿಂದ ಹೆಸರು ಕೆತ್ತಿಸಿರುತ್ತಿದ್ದರು. ಕೆಂಡ ಹೆಚ್ಚಾದರೆ ಇಕ್ಕಳದಿಂದ ಎರಡು ತೆಗೆದು ಪಕ್ಕಕ್ಕಿಡುವುದು, ಕಡಿಮೆಯಾದರೆ ಊದುವುದು. ರಿಪೇರಿ ಎಂದರೆ ಅಷ್ಟೇ. ಆಪಾರ ಓವನ್ನಿನಲ್ಲೂ ಕೆಳಗೊಂದು ಕಾಯಿಲ್, ಮೇಲೊಂದು ಕಾಯಿಲ್. ಲೆಕ್ಕ ಅದೇ. ಆದರೆ ಇಕ್ಕಳ ಹಾಕಲು ಬರುವುದಿಲ್ಲ.

2025ರ ಜನವರಿಯಲ್ಲಿ ಒಂದು ದಿನ ಮೇಲಿನ ಮೈಕ್ರೋವೇವ್ ಸತ್ತಂತೆ ಸುಮ್ಮನಾಯಿತು. ದೀಪವಿಲ್ಲ, ಸದ್ದಿಲ್ಲ. ಊರಿನ ಎಲೆಕ್ಟ್ರಿಷಿಯನ್ ಬಂದ. ಬಡಗಿ ಸುತ್ತಲೂ ಸಿಲಿಕಾನ್ ಮೆತ್ತಿ ಗೋಡೆಗೆ ಅಂಟಿಸಿಬಿಟ್ಟಿದ್ದರಿಂದ ಅದನ್ನು ಕುಯ್ದು, ಇಬ್ಬರು ಆಳು ಹಿಡಿದು, ಮುಂದಕ್ಕೆ ಎಳೆಯುವುದಕ್ಕೇ ಅರ್ಧ ದಿನ ಹೋಯಿತು. ಒಳಗಿನ ಪಿಂಗಾಣಿ ಫ್ಯೂಸ್ ಹೋಗಿತ್ತು. ಹೊಸದು ಹಾಕಿ, ದುಡ್ಡು ಇಸಿದುಕೊಂಡು ಹೋದ. ನಾಲ್ಕು ದಿನ ನಡೆಯಿತು. ಐದನೇ ದಿನ ಮತ್ತೆ ಅದೇ. ಮತ್ತೊಂದು ಫ್ಯೂಸ್, ಮತ್ತೆ ಆರು ದಿನ.

ಕಂಪನಿಗೆ ಫೋನ್ ಮಾಡಿದೆವು. ಗ್ಯಾರಂಟಿ ಮುಗಿದಿದೆ, ಮೈಸೂರಿನಿಂದ ಜನ ಬರಲು ಹತ್ತು ದಿನ ಬೇಕು, ಬಂದು ನೋಡುವುದಕ್ಕೇ ಇಷ್ಟು ಎಂದರು. ಪಾಂಡವಪುರದಲ್ಲಿ ಮಿಕ್ಸಿ, ಮೋಟಾರು ಸುತ್ತುವವರೊಬ್ಬರಿದ್ದಾರೆ, ಕೈ ಚೆನ್ನಾಗಿದೆ ಎಂದು ಯಾರೋ ಹೇಳಿದರು. ಹೋದೆವು. ಅವರು ಕನ್ನಡಕ ಹಣೆಗೇರಿಸಿ, "ತಂದುಬಿಡಿ ಸಾರ್, ನೋಡೋಣ" ಎಂದರು. "ಗೋಡೇಲಿದೆ" ಎಂದೆವು. "ಹಂಗಾದ್ರೆ ಗೋಡೇನೇ ತನ್ನಿ" ಎಂದು ನಕ್ಕರು. ಫ್ರೆಂಚ್ ಸಿಪಾಯಿಗಳು ಬೀಡು ಬಿಟ್ಟು ಫ್ರೆಂಚ್ ರಾಕ್ಸ್ ಎಂಬ ಹೆಸರನ್ನೂ ಬಿಟ್ಟು ಹೋದ ಊರಿನಲ್ಲಿ ಆವತ್ತು ನಾವು ಒಂದು ಕಬ್ಬಿನ ಹಾಲು ಕುಡಿದು ವಾಪಸಾದದ್ದಷ್ಟೇ ಲಾಭ.

ಆ ರಾತ್ರಿ ನಾವೊಂದು ಕೆಲಸ ಮಾಡಿದೆವು. ಹೇಳಿಕೊಳ್ಳಲು ನಾಚಿಕೆಯಾದರೂ ಹೇಳಲೇಬೇಕು. ಮನೆಯ ಹಳೆಯ ಫ್ಯೂಸ್ ಕಟ್ಟೆಗಳಿಗೆ ತಾಮ್ರದ ಎಳೆ ಸುತ್ತಿ ಬೆಳೆದವರು ನಾವು. ಅದೇ ವಿದ್ಯೆ ಇಲ್ಲಿಗೂ ಸಾಕೆಂದು, ಸತ್ತ ಪಿಂಗಾಣಿ ಫ್ಯೂಸಿನ ಮೇಲೆ ವೈರಿನ ನಾಲ್ಕೆಳೆ ಸುತ್ತಿ ಅದರ ಜಾಗದಲ್ಲಿ ಕೂರಿಸಿದೆವು. ಮೈಕ್ರೋವೇವ್ ಎದ್ದು ಕೂತಿತು. ಎರಡನೇ ದಿನ ಆಪಾ ಬಾಗಿಲು ತೆಗೆದಾಗ ಒಳಗೆಲ್ಲೋ 'ಚಟ್' ಎಂದು ಮನೆಯ ಎಂ.ಸಿ.ಬಿ. ಬಿತ್ತು. ಮೇಲಕ್ಕೆತ್ತಿದೆವು. ಅಲ್ಲಿಂದ ಮುಂದೆ ಏನೂ ತೊಂದರೆಯಿಲ್ಲ! ಫ್ಯೂಸ್ ಹೋಗುವ ಮಾತೇ ಇಲ್ಲ. ರಮಝಾನ್ ಶುರುವಾಯಿತು. ಸಹ್ರಿಗೆ ಹಾಲು ಬಿಸಿ ಮಾಡುವಾಗಲೆಲ್ಲ ಆಪಾ, "ನನ್ನ ತಮ್ಮ ಕಥೆ ಬರೆಯೋನು ಅಂತಾರೆ, ನೋಡಿ, ಇಂಜಿನಿಯರ್ ಮಾಡದ್ದನ್ನು ಮಾಡಿದ" ಎಂದು ನೆರೆಮನೆಯವರ ಮುಂದೆ ಹೊಗಳುತ್ತಿದ್ದರು. ನಮ್ಮ ಯಾವ ಕಥಾಸಂಕಲನಕ್ಕೂ ಅವರಿಂದ ಅಂಥ ಮಾತು ಬಂದಿರಲಿಲ್ಲ.

ಮಾರ್ಚ್ ನಡುವೆ ಕೆಳಗಿನ ಓವನ್ ಕೈಕೊಟ್ಟಿತು. ಅಡಿ ಬೇಯುತ್ತಿಲ್ಲ, ಮೇಲೆ ಮಾತ್ರ ಕೆಂಪಾಗುತ್ತದೆ. ಜೊತೆಗೆ ಹಿಡಿಯನ್ನು ಮುಟ್ಟಿದರೆ ಜುಮ್ ಎನ್ನುತ್ತದೆ. ಆಪಾ ಹವಾಯಿ ಚಪ್ಪಲಿ ಮೆಟ್ಟಿಕೊಂಡು ಬೇಯಿಸತೊಡಗಿದರು. ಈದ್‌ಗೆ ಹನ್ನೆರಡು ಮನೆಗಳ ಆರ್ಡರ್ ಹಿಡಿದಿದ್ದರು. ಸಂಕೋಚದಿಂದ ಎರಡು ಮನೆಗೆ ಹಣ ವಾಪಸು ಕೊಟ್ಟು ಬಂದ ದಿನ ಅವರು ಯಾರೊಡನೆಯೂ ಮಾತಾಡಲಿಲ್ಲ.

ಕೆ.ಆರ್. ಪೇಟೆಯಲ್ಲಿ ಒಬ್ಬ ಹುಡುಗನಿದ್ದಾನೆ, ಐ.ಟಿ.ಐ. ಓದಿದವನು, ಮನೆಗೇ ಬರುತ್ತಾನೆ ಎಂದು ತಿಳಿದದ್ದು ಆಗಲೇ. ಇಪ್ಪತ್ತೈದಿರಬಹುದು. ಒಕ್ಕಲಿಗರ ಹುಡುಗ. ಬೈಕಿನಲ್ಲಿ ಬಂದ. ಬಂದವನೇ ಕುಡಿಯಲು ನೀರು ಕೇಳಿ, ಮರುಕ್ಷಣ ನಾಲಿಗೆ ಕಚ್ಚಿಕೊಂಡು, "ಅಯ್ಯೋ, ನೀವು ರೋಜಾ ಅಲ್ವಾ" ಎಂದ. ಆಪಾ ಗದರಿ ನೀರೂ ಕೊಟ್ಟರು, ಟೀಯೂ ಕೊಟ್ಟರು.

ಮೊದಲು ಅವನು ಮಾಡಿದ್ದು ಮೂರು ಪಿನ್ನಿನ ಪ್ಲಗ್ ನೋಡಿದ್ದು. ದಪ್ಪ ಪಿನ್ನಿಗೆ ಸಾಕೆಟ್ಟಿನ ಹಿಂದೆ ವೈರೇ ಇರಲಿಲ್ಲ. ಅರ್ತ್ ಇಲ್ಲ. ಕೆಳಗಿನ ಕಾಯಿಲ್ ಒಳಗೆ ಬಿರುಕು ಬಿಟ್ಟು ಕರೆಂಟನ್ನು ತಗಡಿಗೆ ಬಿಡುತ್ತಿತ್ತು. ಅದು ಭೂಮಿಗೆ ಹೋಗಲು ದಾರಿಯಿಲ್ಲದೆ ಮುಟ್ಟಿದವರ ಮೈಯಲ್ಲಿ ಹೋಗಲು ಕಾಯುತ್ತಿತ್ತು. "ಚಪ್ಪಲಿ ಕಾಪಾಡದೆ ಕಣ್ರವ್ವ ನಿಮ್ಮನ್ನ" ಎಂದ.

ಮೈಕ್ರೋವೇವ್ ಚೆನ್ನಾಗಿದೆ, ಅದನ್ನು ಮುಟ್ಟಬೇಡ ಎಂದೆವು. ಎರಡೂ ಒಂದೇ ಮೈ ಆದ್ದರಿಂದ ಮುಚ್ಚಳ ಬಿಚ್ಚಲೇಬೇಕಿತ್ತು. ಬಿಚ್ಚಿದ ಮೇಲೆ ಅವನು ಸ್ವಲ್ಪ ಹೊತ್ತು ಸುಮ್ಮನೆ ನಿಂತ. ಟಾರ್ಚು ಹಿಡಿದು ಕೇಳಿದ: "ಇದ್ಯಾರು ಮಾಡಿದ್ದು?"

"ನನ್ನ ತಮ್ಮ" ಎಂದರು ಆಪಾ, ಹೆಮ್ಮೆಯಿಂದ.

ಅವನು ನಮ್ಮ ಕಡೆ ತಿರುಗಲಿಲ್ಲ. ಆಪಾರನ್ನೇ ಕೇಳಿದ. "ಅಮ್ಮ, ಫ್ಯೂಸ್ ಹೋಯ್ತಿತ್ತಲ್ಲ ಆವಾಗ, ಬಾಗ್ಲು ಎಂಗ್ ತಗೀತಿದ್ರಿ? ಸ್ಟಾಪ್ ಒತ್ತಿ ತಗೀತಿದ್ರಾ, ಓಡ್ತಿರೋವಾಗ್ಲೇ ಎಳೀತಿದ್ರಾ?"

ಆಪಾ ಯೋಚಿಸಿದರು. "ಸ್ಟಾಪ್ ಒತ್ತೇ ತೆಗೆಯೋದು. ಹಾಲು ಉಕ್ಕೋ ಹಂಗಾದರೆ ಮಾತ್ರ ಸರಕ್ಕನೆ ಎಳೀತೀನಿ." ಆಮೇಲೆ ತಾವೇ ಬೆರಗಾಗಿ, "ಹೌದಲ್ಲ, ಹಂಗೆ ಎಳೆದಾಗಲೇ ಹೋಗಿದ್ದು, ಪ್ರತಿ ಸಲವೂ" ಎಂದರು.

ಎರಡು ತಿಂಗಳಲ್ಲಿ ಎಲೆಕ್ಟ್ರಿಷಿಯನ್, ಕಂಪನಿಯವರು, ಪಾಂಡವಪುರದವರು, ನಾವು, ಇಷ್ಟು ಗಂಡಸರು ಆ ಯಂತ್ರದ ಬಗ್ಗೆ ಮಾತಾಡಿದ್ದೆವು. ದಿನವೂ ಅದರ ಬಾಗಿಲು ತೆಗೆಯುವ ಹೆಂಗಸನ್ನು ಒಬ್ಬರೂ ಕೇಳಿರಲಿಲ್ಲ.

ಹುಡುಗ ಬಿಡಿಸಿ ಹೇಳಿದ. ಮೈಕ್ರೋವೇವಿನ ಬಾಗಿಲ ಹಿಂದೆ ಮೂರು ಪುಟ್ಟ ಸ್ವಿಚ್ಚುಗಳಿರುತ್ತವೆ. ಒಂದು, ಬಾಗಿಲು ತೆಗೆದೊಡನೆ ಕರೆಂಟನ್ನು ನೇರವಾಗಿ ಕಡಿಯುವಂಥದು. ಇನ್ನೊಂದು, ಬಾಗಿಲು ತೆರೆಯಿತು ಎಂದು ಒಳಗಿನ ಬೋರ್ಡಿಗೆ ತಿಳಿಸುವಂಥದು. ಮೂರನೆಯದು ವಿಚಿತ್ರ: ಅದು ಕಾವಲುಗಾರರ ಮೇಲಿನ ಕಾವಲುಗಾರ. ಮೊದಲನೆಯದು ಅಂಟಿಕೊಂಡು ಕರೆಂಟು ಕಡಿಯದೆ ಹೋದರೆ, ಈ ಮೂರನೆಯದು ಬೇಕೆಂದೇ ಶಾರ್ಟ್ ಮಾಡಿ ಫ್ಯೂಸನ್ನು ಸುಡುತ್ತದೆ. ಬಾಗಿಲು ತೆರೆದಿರುವಾಗ ಒಲೆ ಉರಿಯಬಾರದು, ಉರಿಯುವುದಕ್ಕಿಂತ ಸಾಯುವುದು ಮೇಲು ಎಂಬ ಏರ್ಪಾಡು. ಆಪಾರ ಒಲೆಯಲ್ಲಿ ಮೊದಲನೆಯ ಸ್ವಿಚ್ಚು ಅಂಟಿಕೊಂಡಿತ್ತು. ಸ್ಟಾಪ್ ಒತ್ತಿದರೆ ಬೋರ್ಡು ಮೊದಲೇ ಕಡಿಯುವುದರಿಂದ ಏನೂ ಆಗುತ್ತಿರಲಿಲ್ಲ. ಸರಕ್ಕನೆ ಎಳೆದಾಗ ಮಾತ್ರ ಫ್ಯೂಸ್ ಸುಡುತ್ತಿತ್ತು. ಅಂದರೆ ಫ್ಯೂಸ್ ಕೆಟ್ಟು ಹೋಗುತ್ತಿರಲಿಲ್ಲ. ತನ್ನ ಕೆಲಸ ಮಾಡಿ ಹೋಗುತ್ತಿತ್ತು.

ನಾವು ನಾಲ್ಕೆಳೆ ಸುತ್ತಿ ಅದರ ಬಾಯಿ ಕಟ್ಟಿದೆವು. ಸುಡಲು ಫ್ಯೂಸ್ ಇಲ್ಲದೆ, ಆ 'ಚಟ್' ಎಂದ ಹೊತ್ತಿನಲ್ಲಿ ಮೂರನೆಯ ಸ್ವಿಚ್ಚೇ ಸುಟ್ಟಿತ್ತು. ನಮ್ಮ ರಿಪೇರಿ ಗೆದ್ದದ್ದು ಹೀಗೆ. ಆಮೇಲೆ ಆಪಾರ ಮುಖಕ್ಕೂ ಆ ಅಲೆಗಳಿಗೂ ನಡುವೆ ಉಳಿದಿದ್ದುದು ಬೋರ್ಡಿನ ಮೇಲಿನ ಒಂದು ರಿಲೇ. ಅದೂ ಅಂಟಿಕೊಂಡಿದ್ದರೆ? ಬಾಗಿಲು ತೆರೆದೇ ಒಲೆ ಓಡುತ್ತಿತ್ತು. ಮೈಕ್ರೋವೇವಿನ ಅಲೆಗಳು ವಿಷದಂತೆ ಉಳಿಯುವುದಿಲ್ಲ, ಕರೆಂಟು ನಿಂತ ಕ್ಷಣ ಅವೂ ಇಲ್ಲ. ಆದರೆ ಇರುವಷ್ಟು ಹೊತ್ತು ಹಾಲನ್ನು ಕಾಯಿಸಿದಂತೆಯೇ ಮೈಯನ್ನೂ ಕಾಯಿಸುತ್ತವೆ. ಬಿಸಿಯನ್ನು ಸಾಗಿಸಿಕೊಂಡು ಹೋಗಲು ಕಣ್ಣಿನ ಮಸೂರದಲ್ಲಿ ರಕ್ತವಿಲ್ಲ, ಮೊದಲು ಕೆಡುವುದು ಅದು. ಆಪಾರ ಎತ್ತರಕ್ಕೆ ಆ ಬಾಗಿಲು ಸರಿಯಾಗಿ ಮುಖದ ಎದುರಿಗಿದೆ. ಮಗ ಅಳತೆ ತೆಗೆದು ಕೂರಿಸಿದ್ದು.

"ನೀವು ಕೈ ಹಾಕಿದ್ರಲ್ಲ ಸಾರ್, ಅದ್ರ ಗೇಣು ದೂರದಾಗೆ ಇದದೆ ನೋಡಿ" ಎಂದು ಅವನು ಒಂದು ಬೆಳ್ಳಿ ಬಣ್ಣದ ಡಬ್ಬಿ ತೋರಿಸಿದ. ಕೆಪಾಸಿಟರ್. ಸುಮಾರು ಎರಡು ಸಾವಿರ ವೋಲ್ಟ್ ಇಟ್ಟುಕೊಳ್ಳುವಂಥದು. ಪ್ಲಗ್ ಕಿತ್ತ ಮೇಲೂ ಅದರೊಳಗೆ ಕರೆಂಟು ಕೂತಿರಬಹುದು. ನಾವು ಪ್ಲಗ್ ಕಿತ್ತಿದ್ದೇವೆಂಬ ಧೈರ್ಯದಲ್ಲಿ, ಬರಿಗೈಯಲ್ಲಿ, ಬೀಡಿ ಕಟ್ಟುವಷ್ಟು ನಿರಾಳವಾಗಿ ಎಳೆ ಸುತ್ತಿದ್ದೆವು.

ಆ ಡಬ್ಬಿಯ ಪಕ್ಕದಲ್ಲಿರುವ ಮ್ಯಾಗ್ನೆಟ್ರಾನ್ ಯುದ್ಧದಿಂದ ಬಂದದ್ದು. 1940ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದಲ್ಲಿ ರ್‍ಯಾಂಡಲ್ ಮತ್ತು ಬೂಟ್ ಎಂಬಿಬ್ಬರು ಅದಕ್ಕೆ ರೇಡಾರ್‌ಗೆ ಒದಗುವ ರೂಪ ಕೊಟ್ಟರು. 1945ರಲ್ಲಿ ಅಮೆರಿಕದ ರೇಥಿಯಾನ್ ಕಂಪನಿಯಲ್ಲಿ ಅದರೆದುರು ನಿಂತಿದ್ದ ಪರ್ಸಿ ಸ್ಪೆನ್ಸರ್ ಎಂಬಾತನ ಜೇಬಿನ ಮಿಠಾಯಿ ಕರಗಿತು. ಆತ ಶಾಲೆಯನ್ನೇ ಮುಗಿಸದ ಮನುಷ್ಯ. ಎರಡು ವರ್ಷದಲ್ಲಿ ಆಳೆತ್ತರದ ಒಲೆ ಮಾರುಕಟ್ಟೆಗೆ ಬಂತು. ಅಡುಗೆ ಮನೆಯ ಕಟ್ಟೆಯ ಮೇಲೆ ಕೂರುವಂಥದು 1967ಕ್ಕೆ. ನಮ್ಮ ಪಟ್ಟಣದ ಕಥೆ ಇದಕ್ಕೆ ಉಲ್ಟಾ. 1799ರಲ್ಲಿ ಕೋಟೆ ಬಿದ್ದ ಮೇಲೆ ಟಿಪ್ಪುವಿನ ರಾಕೆಟ್‌ಗಳು ವೂಲ್ವಿಚ್‌ಗೆ ಹೋಗಿ, ಕಾಂಗ್ರೀವ್‌ನ ಕೈಯಲ್ಲಿ ಇನ್ನಷ್ಟು ಯುದ್ಧಗಳಿಗೆ ಹೊರಟವು. ಮರಳಿ ಒಲೆಯಾಗಿ ಬಂದದ್ದು ಯಾರದೋ ರೇಡಾರ್.

ಕಾಯಿಲನ್ನು ಹುಡುಗ ಬೆಂಗಳೂರಿನ ಎಸ್.ಪಿ. ರೋಡಿನಿಂದ ತರಿಸಿದ. ಸ್ವಿಚ್ಚುಗಳಿಗೆ ಮಾತ್ರ ನಾಗಮಂಗಲದ ತನ್ನ ಉಸ್ತಾದರ ಹತ್ತಿರ ಹೋಗಬೇಕೆಂದ. ಮೂರನೆಯದು ಉಳಿದವಕ್ಕಿಂತ ಬೇರೆ ಜಾತಿ, ಒತ್ತಿದರೆ ಕಡಿಯುತ್ತದೆ, ಬಿಟ್ಟರೆ ಸೇರುತ್ತದೆ. ಅದಲು ಬದಲಾದರೆ ಎಲ್ಲ ಕೆಟ್ಟಿತು, ಉಸ್ತಾದರೇ ಆರಿಸಿ ಕೊಡಲಿ ಎಂಬುದು ಅವನ ಹಟ. ನಾವೂ ಅವನ ಬೈಕಿನ ಹಿಂದೆ ಕೂತೆವು. 2024ರ ಸೆಪ್ಟೆಂಬರ್‌ನಲ್ಲಿ ಗಣೇಶನ ಮೆರವಣಿಗೆಯ ರಾತ್ರಿ ನಾಗಮಂಗಲದಲ್ಲಿ ಅಂಗಡಿ, ವಾಹನಗಳಿಗೆ ಬೆಂಕಿ ಬಿದ್ದಿದ್ದು ಎಲ್ಲರಿಗೂ ನೆನಪಿದೆ. ಆಮೇಲೆ ನಾವು ಆ ಊರಿಗೆ ಹೋಗಿರಲಿಲ್ಲ. ಹೋಗುವ ಕೆಲಸವಿರಲಿಲ್ಲ ಎಂದು ನಮಗೆ ನಾವೇ ಹೇಳಿಕೊಂಡಿದ್ದೆವು.

ಉಸ್ತಾದರು ನಮ್ಮ ಸಲಾಮಿಗೆ ಉತ್ತರ ಕೊಟ್ಟು, ಹುಡುಗನ ಮೇಲೆ ಹರಿಹಾಯ್ದರು. ಗಲಾಟೆಯ ಮರುದಿನ ಅವರ ಅಂಗಡಿಯಲ್ಲಿದ್ದ ಗಿರಾಕಿಗಳ ಸಾಮಾನನ್ನೆಲ್ಲ ಇವನು ಗೂಡ್ಸ್ ಆಟೋದಲ್ಲಿ ತುಂಬಿ ಕೆ.ಆರ್. ಪೇಟೆಯ ತನ್ನ ಮನೆಯಲ್ಲಿಟ್ಟು ಕಾದಿದ್ದನಂತೆ. ಅದಕ್ಕೆ ಧನ್ಯವಾದವೇನೂ ಕೇಳಿಸಲಿಲ್ಲ. "ಆರು ತಿಂಗಳಾಯ್ತು, ಎರಡು ಮಿಕ್ಸಿ ಇನ್ನೂ ವಾಪಸ್ ಬಂದಿಲ್ಲ, ಗಿರಾಕಿಗೆ ನಾನೇನು ಹೇಳಲಿ?" ಎಂಬುದೇ ಅವರ ತಕರಾರು. ಬೈಯುತ್ತಲೇ ಹಳೆಯ ಡಬ್ಬದಿಂದ ಮೂರು ಸ್ವಿಚ್ಚು ಆರಿಸಿ, ಒಂದೊಂದನ್ನೂ ಮೀಟರಿಗೆ ಹಿಡಿದು, ಕಿವಿಯ ಹತ್ತಿರ ಒತ್ತಿ ಕೇಳಿ ಕೊಟ್ಟರು. ನಮ್ಮ ತಾಮ್ರದ ಎಳೆಯ ವಿಷಯ ಹುಡುಗ ಅಲ್ಲಿ ಎತ್ತಲಿಲ್ಲ. ಅದು ಅವನ ದೊಡ್ಡತನ.

ಮಾರ್ಚ್ 24ರಂದು ಕೆಲಸ ಮುಗಿಯಿತು. ಹಿತ್ತಲಲ್ಲಿ ಗುಂಡಿ ತೋಡಿಸಿ, ಕೊಳವೆ ಇಳಿಸಿ, ಸುತ್ತ ಇದ್ದಿಲು, ಉಪ್ಪು ತುಂಬಿ ಅರ್ತ್ ಎಳೆಸಿದ. ಇದ್ದಿಲಿಗೆಂದು ಆಪಾ ಅಟ್ಟದ ಮೇಲಿದ್ದ ಅಮ್ಮಿಯ ಕಾಲದ ಗೋಣಿಚೀಲ ಇಳಿಸಿ ಕೊಟ್ಟರು. ಮುಖ್ಯ ಬೋರ್ಡಿಗೆ 30 ಮಿಲಿ ಆಂಪಿನ ಆರ್.ಸಿ.ಸಿ.ಬಿ. ಹಾಕಿದ. ಒಲೆಯ ಸುತ್ತ ಗಾಳಿಯಾಡಲು ಹಲಗೆ ಕೊರೆಸಿದ. ಸಿಲಿಕಾನ್ ಮತ್ತೆ ಮೆತ್ತಬಾರದೆಂದು ಆಣೆ ಹಾಕಿಸಿಕೊಂಡ.

ಕೊನೆಗೆ ಒಂದು ಲೋಟ ನೀರಿಟ್ಟು ಮೈಕ್ರೋವೇವ್ ಓಡಿಸಿ, "ಸಾರ್, ಈಗ ಸರಕ್ಕನೆ ಎಳೀರಿ" ಎಂದ. ಎಳೆಯಬೇಕಾದವರು ನಾವೇ ಎಂದು ಅವನ ತೀರ್ಮಾನ. ಕೈ ಹಿಡಿಯ ಮೇಲಿತ್ತು, ಎಳೆಯಲು ಮನಸ್ಸು ಬರಲಿಲ್ಲ. ಹಿಂದಿನಿಂದ ಆಪಾ, "ಸ್ಟಾಪ್ ಒತ್ತು ಮೊದಲು" ಎಂದರು. "ಬ್ಯಾಡಿ ಅಮ್ಮ, ಎಳೀಲಿ" ಎಂದ ಹುಡುಗ. ಎಳೆದೆವು. ಒಳಗಿನ ಗುಂಯ್ ನಿಂತಿತು. ಚಟ್ ಎನ್ನಲಿಲ್ಲ, ಎಂ.ಸಿ.ಬಿ. ಬೀಳಲಿಲ್ಲ, ಫ್ಯೂಸ್ ತನ್ನ ಜಾಗದಲ್ಲಿ ಇಡಿಯಾಗಿತ್ತು.

ಅಷ್ಟರಲ್ಲಿ ಕೆಳಗಿನ ಓವನ್ನಿನಲ್ಲಿ ಮೊದಲ ತಟ್ಟೆ ಬೆಂದಿತ್ತು. ಅಡಿಯೂ ಕೆಂಪಾಗಿತ್ತು. ಆಪಾ ಒಂದು ಡಬ್ಬಿ ತುಂಬಿ ಅವನ ಕೈಗಿಟ್ಟರು. ಅವನು ಡಬ್ಬಿ ಹಿಡಿದುಕೊಂಡೇ ತಡವರಿಸಿದ. "ಇವತ್ತು ಸೋಮವಾರ ಕಣಮ್ಮ. ಮೊಟ್ಟೆಗಿಟ್ಟೆ ಆಕಿದ್ದೀರಾ?"

"ನಾನ್‌ಖಟಾಯಿಗೆ ಯಾರಪ್ಪ ಮೊಟ್ಟೆ ಹಾಕ್ತಾರೆ?" ಎಂದರು ಆಪಾ. ಅವನು ಅಲ್ಲೇ ಮೆಟ್ಟಿಲ ಮೇಲೆ ಕೂತು ಎರಡು ತಿಂದ. ನಮಗೆ ಇಫ್ತಾರ್‌ಗೆ ಇನ್ನೂ ಅರ್ಧ ಗಂಟೆಯಿತ್ತು.