ಉದಕಮಂಡಲದ ಸಸ್ಯೋದ್ಯಾನದಲ್ಲಿ ಒಂದು ದಿನ

ತಾಳವಾಡಿಯ ನಮಗೆ ಉದಕಮಂಡಲ ದೂರದ ಊರೇನಲ್ಲ. ಆದರೂ ತಮಿಳುನಾಡಿನ ನಮ್ಮ ಹಳ್ಳಿಯಿಂದ ತಮಿಳುನಾಡಿನದೇ ಆದ ಆ ಪಟ್ಟಣವನ್ನು ಸೇರಲು ಚಾಮರಾಜನಗರ, ಗುಂಡ್ಲುಪೇಟೆ, ಬಂಡೀಪುರಗಳ ಮಾರ್ಗವಾಗಿ ಕರ್ನಾಟಕವನ್ನು ಹಾಯ್ದು ಹೋಗುವುದು ನಮ್ಮ ವಾಡಿಕೆ. ಗಡಿನಾಡಿನವರ ಪಾಡೇ ಹೀಗೆ! ಕಳೆದ ಮಾಘಮಾಸದಲ್ಲಿ ಶಾಲೆಯ ಮಕ್ಕಳನ್ನು ಕರೆದುಕೊಂಡು ಈ ದಾರಿಯಾಗಿಯೇ ಪ್ರವಾಸ ಹೊರಟೆವು.

ಉದ್ಯಾನವು ದೊಡ್ಡಬೆಟ್ಟದ ಇಳಿಜಾರಿನಲ್ಲಿ ಸುಮಾರು 55 ಎಕರೆಗಳಷ್ಟು ಹರಡಿಕೊಂಡಿದೆ. 'ದೊಡ್ಡಬೆಟ್ಟ' ಎಂಬ ಹೆಸರನ್ನು ಕೇಳಿದೊಡನೆ ಮಕ್ಕಳ ಮುಖ ಅರಳಿತು; ಅದು ನಮ್ಮ ನುಡಿಯಲ್ಲವೇ? ಹುಲ್ಲುಹಾಸು, ಹೂವಿನ ಪಾತಿ, ಗಾಜಿನ ಮನೆ, ಕಲ್ಲಾಗಿ ಮಾರ್ಪಟ್ಟ ಪ್ರಾಚೀನ ಮರದ ಕಾಂಡ, ಇವೆಲ್ಲವನ್ನೂ ನೋಡುತ್ತ ನಡೆದೆವು. ಮರಮರಕ್ಕೂ ಹೆಸರಿನ ಫಲಕ. ಏಳನೆಯ ತರಗತಿಯ ಹುಡುಗಿಯೊಬ್ಬಳು, "ಸಾರ್, ಇಲ್ಲಿ ಮರಗಳಿಗೂ ಹಾಜರಿ ಪುಸ್ತಕ ಇಟ್ಟಿದ್ದಾರೆಯೇ?" ಎಂದು ಕೇಳಿದಳು. ಉಳಿದ ಮಕ್ಕಳು ನಕ್ಕರು. ನಾನು ನಗಲಿಲ್ಲ. ಸಸ್ಯೋದ್ಯಾನದ ಮರ್ಮವನ್ನೇ ಆ ಮಗು ಹಿಡಿದಿತ್ತು.

ಬರಿಯ ಹೂದೋಟಕ್ಕೂ ಸಸ್ಯೋದ್ಯಾನಕ್ಕೂ ಇರುವ ಅಂತರ ಇದೇ. ಗಿಡದ ಹೆಸರೇನು, ತವರು ಯಾವುದು, ಯಾವಾಗ ನೆಟ್ಟದ್ದು ಎಂಬ ದಾಖಲೆ ಇದ್ದರೆ ಮಾತ್ರ ಅದು ಶಾಸ್ತ್ರೀಯ ಸಂಗ್ರಹ. ಇಟಲಿಯ ಪಡುವಾ ನಗರದಲ್ಲಿ 1545ರಲ್ಲಿ ಇಂಥ ತೋಟವೊಂದನ್ನು ಮಾಡಿದರು. ವೈದ್ಯ ವಿದ್ಯಾರ್ಥಿಗಳು ಔಷಧದ ಗಿಡವನ್ನು ತಪ್ಪದೆ ಗುರುತಿಸಲು ಕಲಿಯಲಿ ಎಂಬುದು ಅದರ ಉದ್ದೇಶ. ಗಿಡ ತಪ್ಪಿದರೆ ಮದ್ದೇ ವಿಷವಾಗುವ ಕಾಲವದು. ಆ ತೋಟವು ಇಂದಿಗೂ ಅದೇ ಸ್ಥಳದಲ್ಲಿದೆ. 1585ರಲ್ಲಿ ನೆಟ್ಟ ತಾಳೆಯ ಜಾತಿಯ ಗಿಡವೊಂದು ಅಲ್ಲಿ ಇನ್ನೂ ಜೀವಂತವಾಗಿದೆ. ಮುಂದೆ 1753ರಲ್ಲಿ ಸ್ವೀಡನ್ನಿನ ಲಿನೇಯಸ್ ಪ್ರತಿ ಸಸ್ಯಕ್ಕೂ ಎರಡು ಪದಗಳ ಹೆಸರನ್ನು ರೂಢಿಗೆ ತಂದನು: ಮೊದಲು ಮನೆತನ, ಬಳಿಕ ಅದರ ಸ್ವಂತ ಗುರುತು. ನಮ್ಮ ಹೊಂಗೆ ತಮಿಳರಿಗೆ ಪುಂಗೈ; ಶಾಸ್ತ್ರಜ್ಞರಿಗೆ 'ಪೊಂಗಾಮಿಯ ಪಿನ್ನಾಟ'. ಲ್ಯಾಟಿನ್ನಿನಂತೆ ಕೇಳಿಸುವ ಆ ಹೆಸರಿನೊಳಗೂ ನಮ್ಮ ದಕ್ಷಿಣದ ಮಾತೇ ಅಡಗಿದೆಯೆಂದು ಹೇಳಿದಾಗ ಮಕ್ಕಳಿಗೆ ಹಿಗ್ಗೋ ಹಿಗ್ಗು.

ಉದಕಮಂಡಲದ ತೋಟವು ಮೊದಲಿಗೆ ಅಲ್ಲಿನ ಐರೋಪ್ಯರು ಚಂದಾ ಹಾಕಿ ನಡೆಸುತ್ತಿದ್ದ ತರಕಾರಿ ತೋಟ. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿದ್ದ ಮೆಕೈವರ್ ಎಂಬಾತ 1848ರಲ್ಲಿ ಬಂದು ಅದಕ್ಕೆ ಸಸ್ಯೋದ್ಯಾನದ ರೂಪ ಕೊಟ್ಟನು. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳ ಸಿಂಕೋನ ಮರವನ್ನು 1860–61ರಲ್ಲಿ ಇಲ್ಲಿಗೆ ತಂದಾಗ ಅದನ್ನು ಬೆಳೆಸಿ ಹೆಚ್ಚಿಸಿದವನೂ ಅವನೇ. ತೊಗಟೆಯನ್ನು ಪಟ್ಟಿಪಟ್ಟಿಯಾಗಿ ಸುಲಿದು, ಗಾಯದ ಮೇಲೆ ಹಾವಸೆಯನ್ನು ಹೊದಿಸಿದರೆ ಮರ ಸಾಯದೆ ಹೊಸ ತೊಗಟೆ ಬರುವುದೆಂದು ಅವನು ತೋರಿಸಿದನು. ನಾವು ಬಂದ ದಾರಿಯಲ್ಲಿನ ನಡುವಟ್ಟಮ್ಮಿನಲ್ಲಿಯೂ ಸಿಂಕೋನದ ತೋಪುಗಳು ಎದ್ದವು. ಆ ತೊಗಟೆಯಿಂದ ಬರುವುದೇ ಕ್ವಿನೈನು, ಚಳಿಜ್ವರದ ಮದ್ದು. ನನ್ನ ಅಜ್ಜನ ತಮ್ಮಂದಿರಿಬ್ಬರು ಅದೇ ಜ್ವರದಲ್ಲಿ ತೀರಿಕೊಂಡರೆಂದು ಮನೆಯಲ್ಲಿ ಕೇಳಿದ್ದೇನೆ. ಆದುದರಿಂದ ಮೆಕೈವರನ ಕಥೆಯನ್ನು ಹೇಳುವಾಗ ನನ್ನ ಗಂಟಲು ತುಸು ಬಿಗಿಯಿತು.

ಆದರೆ ಗುಣವನ್ನು ಹೇಳಿ ದೋಷವನ್ನು ಮರೆಸುವುದು ಉಪಾಧ್ಯಾಯನಿಗೆ ತಕ್ಕುದಲ್ಲ. ಸಿಂಕೋನದ ಗಿಡಗಳನ್ನು ಒಯ್ಯಲು ಬಂದ ಮಾರ್ಕಂ ಎಂಬ ಆಂಗ್ಲನಿಗೆ ಪೆರು ದೇಶದ ಜನ ಅಡ್ಡಿಪಡಿಸಿದ್ದರು. ಅದು ಅವರ ನೆಲದ ಸಂಪತ್ತು. ಇತ್ತ ಉದ್ಯಾನದ ಮೇಲ್ಗಡೆ ಇಂದಿಗೂ ತೋಡರ ಮಂದು ಒಂದಿದೆ; ತೋಟ ಹುಟ್ಟುವ ಮೊದಲೇ ಅವರ ಎಮ್ಮೆಗಳು ಈ ಬೆಟ್ಟಗಳಲ್ಲಿ ಮೇಯುತ್ತಿದ್ದವು. ಇನ್ನು ಬಂಡೀಪುರದಲ್ಲಿ ರಸ್ತೆಯ ಇಕ್ಕೆಲಗಳಲ್ಲಿ ಮಕ್ಕಳು ಕಂಡ ಲಂಟಾನದ ಪೊದೆ? ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಂದದ ಹೂವಿಗಾಗಿ ಕಲಕತ್ತೆಯ ಸಸ್ಯೋದ್ಯಾನಕ್ಕೆ ತಂದ ಗಿಡವದು. ಬೇಲಿ ದಾಟಿ ಬಂದು ಈಗ ನಮ್ಮ ಕಾಡಿನ ಹುಲ್ಲನ್ನೆಲ್ಲ ನುಂಗುತ್ತಿದೆ. ಗಿಡವನ್ನು ತರುವ ಜಾಣ್ಮೆ ಇದ್ದವರಿಗೆ ಅದರ ನಡತೆಯನ್ನು ಅರಿಯುವ ತಾಳ್ಮೆ ಇರಲಿಲ್ಲ.

ಊರಿಗೆ ಮರಳಿದ ಮೇಲೆ ಮಕ್ಕಳು ಸುಮ್ಮನಿರಲಿಲ್ಲ. ಶಾಲೆಯ ಆವರಣದ ಹದಿನಾಲ್ಕು ಮರಗಳಿಗೆ ಹಾಜರಿ ಪುಸ್ತಕ ತೆರೆದರು. ಹದಿಮೂರಕ್ಕೆ ಹೆಸರು ಸಿಕ್ಕಿತು. ನೀರಿನ ತೊಟ್ಟಿಯ ಹಿಂದಿನ ಬೋಳುತೊಗಟೆಯ ಮರ ಯಾವುದೆಂದು ಮಕ್ಕಳಿಗೂ ತಿಳಿಯದು, ನನಗೂ ತಿಳಿಯದು. ಮೊಮ್ಮಗನನ್ನು ಕರೆದೊಯ್ಯಲು ಬಂದ ಸೋಲಿಗರ ಅಜ್ಜಿಯೊಬ್ಬರು ಅದನ್ನು ಮುಟ್ಟಿ ನೋಡಿ, "ಇದು ದಿಂಡಿಗ ಅಲ್ಲವಾ ಮೇಷ್ಟ್ರೇ! ಇದರ ಅಂಟು ತಿಂದು ಬೆಳೆದವರು ನಾವು" ಎಂದರು.

ವಾಚಕರಲ್ಲಿ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಹೊಸ ಕೊಠಡಿಗೆ ಅಡ್ಡವಾಗಿದೆಯೆಂದು ಆ ಮರವನ್ನು ಕಡಿಸಲು ನಾನೇ ಅರ್ಜಿ ಬರೆದಿಟ್ಟಿದ್ದೆ. ಅದರಲ್ಲಿ 'ಒಂದು ಕಾಡುಮರ' ಎಂದಷ್ಟೇ ನಮೂದಿಸಿದ್ದೆ. ಹೆಸರಿಲ್ಲದುದನ್ನು ಕಡಿಯುವುದು ಎಷ್ಟು ಸುಲಭ! ಆ ಅರ್ಜಿ ಈಗಲೂ ಮೇಜಿನ ಖಾನೆಯಲ್ಲಿಯೇ ಇದೆ. ಕೊಠಡಿಯ ನಕ್ಷೆಯನ್ನು ಆರು ಅಡಿ ಸರಿಸಲಾದೀತೇ ಎಂದು ವಿಚಾರಿಸುತ್ತಿದ್ದೇನೆ. ಪುಸ್ತಕದ ಹದಿನಾಲ್ಕನೆಯ ಸಾಲಿನಲ್ಲಿ ಆ ಹುಡುಗಿ ದಪ್ಪಕ್ಷರಗಳಲ್ಲಿ ಬರೆದಿದ್ದಾಳೆ: 'ದಿಂಡಿಗ — ಹಾಜರು.'